ಸತ್ತವೆಂದುಕೊಂಡ ಪಾಲಿಪ್‌ಗಳು ಮತ್ತೆ ಅರಳಿದವು: ಮಂಗಳೂರಿನ ಒಂದು ರೀಫ್ ಅಕ್ವೇರಿಯಂ ಸೇವೆಯ ವಿಮರ್ಶೆ

ಮಂಗಳೂರಿನಲ್ಲಿ ಸಿಹಿನೀರಿನ ಅಲಂಕಾರಿಕ ಮೀನು ಮಾರುವ ಅಂಗಡಿಗಳು ಬೇಕಾದಷ್ಟಿವೆ. ಆದರೆ ಮನೆಯಲ್ಲಿ ಉಪ್ಪುನೀರಿನ ರೀಫ್ ಟ್ಯಾಂಕ್ ಇಟ್ಟುಕೊಂಡವರಿಗೆ, ಅದರಲ್ಲೂ ಮೀನಿಗಿಂತ ಪಾಲಿಪ್‌ಗಳನ್ನೇ (ಹವಳದ ಬಳಗದ, ಹೂವಿನಂತೆ ಅರಳುವ ಸಣ್ಣ ಜೀವಿಗಳನ್ನು) ಹೆಚ್ಚು ಅಕ್ಕರೆಯಿಂದ ಸಾಕುವವರಿಗೆ, ತೊಂದರೆ ಬಂದಾಗ ಬಾಗಿಲು ತಟ್ಟಬಹುದಾದ ಜಾಗಗಳು ಬಹಳ ಕಡಿಮೆ. ಕಂಕನಾಡಿ ಕಡೆಯ ಈ ಅಂಗಡಿ ಅಂಥ ಅಪರೂಪದ ಜಾಗಗಳಲ್ಲಿ ಒಂದು. ಇಲ್ಲಿ ಮೀನು, ಉಪ್ಪು, ಪಂಪು, ದೀಪ ಎಲ್ಲವೂ ಸಿಗುತ್ತವೆಯಾದರೂ ನಾನು ಬರೆಯುತ್ತಿರುವುದು ಮುಖ್ಯವಾಗಿ ಅವರು ಮನೆಗೆ ಬಂದು ಟ್ಯಾಂಕ್ ಪರೀಕ್ಷಿಸುವ ಸೇವೆಯನ್ನು ಮತ್ತು ಅಂಗಡಿಯ ಹಿಂಭಾಗದಲ್ಲಿ ನಡೆಸುವ ಆರೈಕೆ ಟ್ಯಾಂಕನ್ನು ಕುರಿತು. ಸತ್ತೇ ಹೋಗಿವೆ ಎಂದು ಯಾರು ನೋಡಿದರೂ ಹೇಳುವಂತಿದ್ದ ಜೋವಾಂಥಿಡ್ (ಹವ್ಯಾಸಿಗಳ ಬಾಯಲ್ಲಿ ಜೋವಾ) ಪಾಲಿಪ್‌ಗಳ ಒಂದು ದೊಡ್ಡ ಗುಂಪು ಈ ಮಳೆಗಾಲದಲ್ಲಿ ಇವರ ಕೈಯಲ್ಲಿ ಬದುಕಿ ಉಳಿಯಿತು. ಅದು ಹೇಗೆ ಸಾಧ್ಯವಾಯಿತು ಎಂಬುದು ಇದೇ ಹವ್ಯಾಸದಲ್ಲಿರುವ ಇತರರಿಗೂ ಉಪಯೋಗಕ್ಕೆ ಬರಬಹುದೆಂಬ ಕಾರಣಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮದು ಬಿಜೈಯ ಅಪಾರ್ಟ್‌ಮೆಂಟ್ ಒಂದರಲ್ಲಿರುವ ಮನೆ. ಮೂರು ಅಡಿ ಉದ್ದದ ಟ್ಯಾಂಕ್, ಅದರ ಕೆಳಗೆ ಟ್ಯಾಂಕಿನ ನೀರು ಹರಿದು ಬಂದು ಶುದ್ಧವಾಗುವ ತೊಟ್ಟಿ, ಅಂದರೆ ಸಂಪ್, ಎರಡೂ ಸೇರಿ ಸುಮಾರು 200 ಲೀಟರ್ ನೀರು. ಆವಿಯಾದಷ್ಟು ನೀರು ತಾನಾಗಿ ತುಂಬಿಕೊಳ್ಳಲೆಂದು ಆರ್‌ಒ ಯಂತ್ರದಿಂದ ಸಂಪ್‌ಗೆ ನೇರವಾಗಿ ಪೈಪ್ ಎಳೆದು ತುದಿಯಲ್ಲಿ ಫ್ಲೋಟ್ ವಾಲ್ವ್ ಕೂರಿಸಲಾಗಿತ್ತು. ಜೂನ್ ತಿಂಗಳಲ್ಲಿ ಕಾರ್ಕಳದ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ನಾವೆಲ್ಲ ಹೋಗಿದ್ದಾಗ ಆ ವಾಲ್ವ್‌ನ ಸಂದಿನಲ್ಲಿ ಉಪ್ಪು ಹರಳುಗಟ್ಟಿ, ಬುಂಡೆ ಮೇಲೇಳದೆ ಸಿಕ್ಕಿಹಾಕಿಕೊಂಡಿತು. ಸಿಹಿನೀರು ನಿಲ್ಲದೆ ಹರಿಯುತ್ತ ಹೋಯಿತು, ಸಂಪ್ ಉಕ್ಕಿ ಉಪ್ಪುನೀರು ನೆಲಕ್ಕೆ ಚೆಲ್ಲಿತು. ಕೆಳಗಿನ ಮನೆಯವರು ತಮ್ಮ ಸ್ಲ್ಯಾಬ್ ಒದ್ದೆಯಾದುದನ್ನು ಕಂಡು ಫೋನ್ ಮಾಡಿದಾಗಲೇ ವಿಷಯ ತಿಳಿದದ್ದು. ಬಂದು ಅಳೆದರೆ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಇರಬೇಕಾಗಿದ್ದ ಉಪ್ಪಿನಂಶ 24ಕ್ಕೆ ಇಳಿದಿತ್ತು. ಕ್ಲೌನ್ ಮೀನುಗಳು ಏನೂ ಆಗದವರಂತೆ ಈಜಾಡುತ್ತಿದ್ದವು. ಮೀನಿಗೆ ತನ್ನ ದೇಹದೊಳಗಿನ ಉಪ್ಪನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಶಕ್ತಿಯಿದೆ. ಬಸವನಹುಳುಗಳಿಗೂ ಪಾಲಿಪ್‌ಗಳಿಗೂ ಆ ಶಕ್ತಿಯಿಲ್ಲ, ಅವುಗಳ ಒಳಗಿನ ಉಪ್ಪು ಹೊರಗಿನ ನೀರಿನ ಉಪ್ಪನ್ನೇ ಅನುಸರಿಸಿ ಏರಿಳಿಯುತ್ತದೆ. ಬಸವನಹುಳುಗಳು ಸತ್ತು ಕೊಳೆಯಲು ತೊಡಗಿದ್ದವು, ನೀರಿನಲ್ಲಿ ಅಮೋನಿಯಾ ಕಾಣಿಸಿಕೊಂಡಿತ್ತು, ಪಾಲಿಪ್‌ಗಳೆಲ್ಲ ಮುಚ್ಚಿಕೊಂಡು ಬೂದುಬಣ್ಣಕ್ಕೆ ತಿರುಗಿದ್ದವು.

ಮೊದಲು ಫೋಟೊ ಕಳುಹಿಸಿದ್ದು ನಗರದ ಇನ್ನೊಂದು ಅಂಗಡಿಗೆ. ಪಾಲಿಪ್‌ಗಳು ಅಂಟಿಕೊಂಡಿರುವ ಆ ಕಲ್ಲನ್ನು ಎಸೆದುಬಿಡಿ, ಇಲ್ಲದಿದ್ದರೆ ಉಳಿದದ್ದೂ ಹಾಳಾಗುತ್ತದೆ, ಮುಂದಿನ ವಾರ ಹೊಸ ಜೋವಾ ಬರುತ್ತದೆ, ಕಡಿಮೆ ದರಕ್ಕೆ ಕೊಡುತ್ತೇವೆ ಎಂಬ ಉತ್ತರ ಬಂತು. ಅದೇ ಫೋಟೊವನ್ನು ಈ ಅಂಗಡಿಯವರಿಗೆ ಕಳುಹಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಅಕ್ಕಾ, ವಾಸನೆ ಉಂಟಾ?” ಎಂಬುದು. ವಾಸನೆ ನೀರಿನಲ್ಲಿದೆಯೇ ಅಥವಾ ಕಲ್ಲನ್ನು ಮೇಲೆತ್ತಿದಾಗ ಅದರಿಂದಲೇ ಬರುತ್ತದೆಯೇ ಎಂದು ಬಿಡಿಸಿ ಕೇಳಿದರು. ಕಲ್ಲಿಗೆ ಅಂಥ ವಾಸನೆಯಿಲ್ಲ ಎಂದು ತಿಳಿದ ಮೇಲೆ, “ಹಾಗಾದರೆ ಎಸೆಯಬೇಡಿ ಮಾರಾಯ್ರೆ, ಕೈಯೂ ಹಾಕಬೇಡಿ, ಉಪ್ಪು ಕೂಡ ಹಾಕಬೇಡಿ, ಸತ್ತ ಹುಳುಗಳನ್ನು ಮಾತ್ರ ತೆಗೆಯಿರಿ, ನಾನು ಸಂಜೆ ಬರುತ್ತೇನೆ” ಎಂದರು. ಗಾಬರಿಯಾದವರು ಮೊದಲು ಮಾಡುವ ಕೆಲಸವೇ ಕಡಿಮೆಯಾದ ಉಪ್ಪನ್ನು ಒಮ್ಮೆಲೇ ಸುರಿಯುವುದು. ಅದನ್ನು ತಡೆದ ಆ ಒಂದು ಮಾತಿಗೇ ನಾನು ಈ ಸೇವೆಗೆ ಅರ್ಧದಷ್ಟು ಅಂಕಗಳನ್ನು ಕೊಡುತ್ತೇನೆ.

ಸಂಜೆ ಧೋ ಎಂದು ಸುರಿಯುವ ಮಳೆಯಲ್ಲೇ ಬಂದರು. ಬಂದವರು ಟ್ಯಾಂಕಿನ ಬಳಿ ಹೋಗುವ ಮೊದಲು ಉಪ್ಪಿನಂಶ ಅಳೆಯುವ ತಮ್ಮ ರಿಫ್ರಾಕ್ಟೋಮೀಟರ್ ತೆಗೆದು, 35 ಪಿಪಿಟಿಯ ಅಳತೆ ದ್ರಾವಣದ ಒಂದು ಹನಿ ಹಾಕಿ ಸರಿಪಡಿಸಿಕೊಂಡು, ನಮ್ಮ ಕಣ್ಣೆದುರೇ ನೀರನ್ನು ಪರೀಕ್ಷಿಸಿದರು. ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆಗೆ ಹೊಂದಿಸಿದ ಉಪಕರಣ 35ರ ಹತ್ತಿರ ತಪ್ಪು ತೋರಿಸಬಹುದು. ಆದ್ದರಿಂದ ಅಳೆಯಬೇಕಾದ ಮಟ್ಟದ ದ್ರಾವಣದಿಂದಲೇ ಸರಿಪಡಿಸಬೇಕು ಎಂದು ವಿವರಿಸಿದರು. ಆಮೇಲೆ ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಕಲ್ಲಿನ ಹತ್ತಿರ ಟಾರ್ಚ್ ಹಿಡಿದರು. ಜೋವಾ ಮುಚ್ಚಿಕೊಂಡಾಗ ಅದರ ಬಾಯಿಯ ಸುತ್ತಲಿನ ಸ್ನಾಯು ಲಾಡಿ ಎಳೆದ ಎಲೆಯಡಿಕೆ ಸಂಚಿಯ ಬಾಯಿಯಂತೆ ಸುಕ್ಕುಗಟ್ಟಿ ಬಿಗಿಯುತ್ತದೆ. ಆ ಬಿಗಿತ ಉಳಿದಿದೆಯೇ ಎಂದು ಪ್ಲಾಸ್ಟಿಕ್ ಚಿಮುಟದ ಹಿಂಬದಿಯಿಂದ ಒಂದೊಂದೇ ಪಾಲಿಪನ್ನು ಮೆಲ್ಲಗೆ ಒತ್ತಿ ನೋಡಿದರು. ಹೆಚ್ಚಿನವು ರಬ್ಬರಿನ ಗುಂಡಿ ಒತ್ತಿದಾಗ ಆಗುವಂತೆ ಒಳಗೆ ಹೋಗಿ ಮರಳಿ ಮೇಲೆ ಬಂದವು. ಅಂಚಿನ ಕೆಲವು ಒತ್ತಿದಲ್ಲೇ ಕುಸಿದು, ಬಿಳಿ ಲೋಳೆಯ ಎಳೆಯಾಗಿ ನೀರಿನಲ್ಲಿ ಬಿಡಿಸಿಕೊಂಡವು. ಕುಸಿದವುಗಳನ್ನು ಆಗಲೇ ಕತ್ತರಿಸಿ ತೆಗೆದರು. ಉಳಿದವುಗಳ ಬುಡದಲ್ಲಿ, ಒಂದು ಪಾಲಿಪನ್ನು ಇನ್ನೊಂದಕ್ಕೆ ಜೋಡಿಸುವ ಚರ್ಮದಂಥ ಪದರದಲ್ಲಿ, ಟಾರ್ಚಿನ ನೀಲಿ ಬೆಳಕು ಬಿದ್ದಾಗ ಹಸಿರು ಹೊಳಪು ಇನ್ನೂ ಕಾಣುತ್ತಿತ್ತು. “ಬುಡ ಗಟ್ಟಿ ಉಂಟು, ಇದು ಬದುಕಿ ಉಂಟು” ಎಂದು ಅವರು ಹೇಳಿದಾಗ ಮನೆಯ ದೊಡ್ಡವರೆಲ್ಲ ಟ್ಯಾಂಕಿನ ಸುತ್ತ ನಿಂತಿದ್ದೆವು.

ಆ ಬುಡದ ಪದರವನ್ನು ಹವ್ಯಾಸಿಗಳು ಮ್ಯಾಟ್ ಎನ್ನುತ್ತಾರೆ. ಜೋವಾಂಥಿಡ್‌ಗಳು ಸಮುದ್ರ ಹೂವು ಮತ್ತು ಹವಳಗಳ ದಾಯಾದಿಗಳು. ಗಟ್ಟಿ ಹವಳಗಳಂತೆ ಸುಣ್ಣದ ಅಸ್ಥಿಪಂಜರ ಕಟ್ಟಿಕೊಳ್ಳುವುದಿಲ್ಲ. ಗುಂಪಿನ ಎಲ್ಲ ಪಾಲಿಪ್‌ಗಳೂ ಮ್ಯಾಟ್ ಮೂಲಕ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಹೊಸ ಪಾಲಿಪ್‌ಗಳು ಮೊಳೆಯುವುದೂ ಅದರಿಂದಲೇ. ಆದ್ದರಿಂದ ಮೇಲಿನ ತಲೆಗಳು ಬಾಡಿ ಉದುರಿದರೂ ಮ್ಯಾಟ್ ಜೀವಂತವಾಗಿದ್ದರೆ ಗುಂಪು ಮತ್ತೆ ಬೆಳೆಯಬಲ್ಲದು. ಅವುಗಳ ಬಣ್ಣಕ್ಕೂ ಆಹಾರಕ್ಕೂ ಬಹುಮಟ್ಟಿಗೆ ಆಧಾರವಾಗಿರುವುದು ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು. ಒತ್ತಡ ಹೆಚ್ಚಾದಾಗ ಪಾಲಿಪ್ ಆ ಪಾಚಿಗಳಲ್ಲಿ ಬಹುಪಾಲನ್ನು ಕಳೆದುಕೊಂಡು ಬಿಳಚಿಕೊಳ್ಳುತ್ತದೆ. ಆಗಲೂ ಅದು ಸತ್ತಿರುವುದಿಲ್ಲ, ಆದರೆ ಹಸಿದಿರುತ್ತದೆ. ಬಾಯಿ ಮುಚ್ಚಿಕೊಂಡು, ಕೂಡಿಟ್ಟ ಶಕ್ತಿಯನ್ನು ಮಿತವಾಗಿ ಖರ್ಚು ಮಾಡುತ್ತ ವಾರಗಟ್ಟಲೆ ಹಾಗೆಯೇ ಇರಬಲ್ಲದು. ಮನೆಯವರ ಕಣ್ಣಿಗೆ ಅದು ಸಾವಿನಂತೆಯೇ ಕಾಣುತ್ತದೆ, ಎಷ್ಟೋ ಗುಂಪುಗಳು ಕಸದ ಬುಟ್ಟಿ ಸೇರುವುದು ಈ ಅವಧಿಯಲ್ಲೇ.

ಮುಂದಿನ ಚಿಕಿತ್ಸೆಯಲ್ಲಿ ಬಾಟಲಿಯ ಔಷಧಕ್ಕಿಂತ ಅಳತೆ ಮತ್ತು ತಾಳ್ಮೆಯ ಪಾಲೇ ದೊಡ್ಡದಾಗಿತ್ತು. ಉಪ್ಪಿನಂಶವನ್ನು ದಿನಕ್ಕೆ ಸುಮಾರು 1 ಪಿಪಿಟಿಗಿಂತ ಹೆಚ್ಚು ಏರಿಸಬಾರದು ಎಂದು ನಿಗದಿ ಮಾಡಿದರು. ಉಪ್ಪು ಕಡಿಮೆಯಾದ ನೀರಿನಲ್ಲಿ ಜೀವಕೋಶಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಆ ಸ್ಥಿತಿಯಲ್ಲಿ ಉಪ್ಪನ್ನು ಥಟ್ಟನೆ ಏರಿಸಿದರೆ ಅದೇ ನೀರು ರಭಸದಿಂದ ಹೊರಬಂದು ಕೋಶಗಳು ಎರಡನೆಯ ಸಲ ಪೆಟ್ಟು ತಿನ್ನುತ್ತವೆ. ಬೇಸಿಗೆಯಾಗಿದ್ದರೆ ಆವಿಯಾದ ನೀರಿನ ಜಾಗಕ್ಕೆ ಆರ್‌ಒ ನೀರಿನ ಬದಲು ಉಪ್ಪುನೀರನ್ನು ತುಂಬುತ್ತಾ ಹೋದರೆ ಸಾಕಾಗುತ್ತಿತ್ತು. ಆದರೆ ನಮ್ಮ ಕರಾವಳಿಯ ಮಳೆಗಾಲದಲ್ಲಿ, ಹಗ್ಗದ ಮೇಲಿನ ಬಟ್ಟೆಯೇ ಎರಡು ದಿನವಾದರೂ ಒಣಗದ ತೇವದಲ್ಲಿ, ಟ್ಯಾಂಕಿನಿಂದ ನೀರು ಆವಿಯಾಗುವುದು ಬಹಳ ಕಡಿಮೆ. ಅದಕ್ಕಾಗಿ ಅವರು ಪ್ರತಿದಿನ ಸ್ವಲ್ಪ ನೀರು ತೆಗೆದು, ತುಸು ಹೆಚ್ಚು ಉಪ್ಪಿರುವ ಅಷ್ಟೇ ನೀರನ್ನು ಸಂಪ್‌ಗೆ ನಿಧಾನವಾಗಿ ಬಿಡುವ ಲೆಕ್ಕ ಹಾಕಿಕೊಟ್ಟರು. ಎಷ್ಟು ಲೀಟರ್, ಅದರ ಉಪ್ಪಿನಂಶ ಎಷ್ಟು, ಆಮೇಲೆ ಟ್ಯಾಂಕಿನಲ್ಲಿ ಎಷ್ಟು ಬರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕೈಯಿಂದ ಬರೆದು ಟ್ಯಾಂಕಿನ ಸ್ಟ್ಯಾಂಡಿಗೆ ಅಂಟಿಸಿ ಹೋದರು. ಮಳೆಗಾಲದ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಇಂಥ ಸಲಹೆ ದೂರದ ಊರಿನ ಯಾರಿಂದಲೂ ಸಿಕ್ಕುತ್ತಿರಲಿಲ್ಲ ಎಂದು ನನಗೆ ಖಾತ್ರಿಯಿದೆ.

ಅಮೋನಿಯಾ ಪೂರ್ತಿ ಇಳಿಯುವವರೆಗೆ ಕಾಯುವುದು ಅಪಾಯವೆಂದು ಕಂಡದ್ದರಿಂದ ಆ ಗುಂಪಿನ ಅರ್ಧದಷ್ಟನ್ನು ಅವರು ತಮ್ಮ ಆರೈಕೆ ಟ್ಯಾಂಕಿಗೆ ಒಯ್ದರು. ಒಂದೇ ಕಡೆ ಎಲ್ಲವನ್ನೂ ಇಟ್ಟು ಎಲ್ಲವನ್ನೂ ಕಳೆದುಕೊಳ್ಳುವುದು ಬೇಡ ಎಂಬುದು ಅವರ ವಿಚಾರ, ಅದು ನನಗೂ ಒಪ್ಪಿಗೆಯಾಯಿತು. ಆರೈಕೆ ಟ್ಯಾಂಕಿನ ಉಪ್ಪಿನಂಶವನ್ನು ಮೊದಲೇ ನಮ್ಮ ಟ್ಯಾಂಕಿನ ಮಟ್ಟಕ್ಕೆ ಇಳಿಸಿಟ್ಟಿದ್ದರು. ಅಂಗಡಿಯ ಹಿಂದೆ, ಗೋಣಿಚೀಲಗಳೂ ಉಪ್ಪಿನ ಡಬ್ಬಗಳೂ ಇರುವ ಕಿರಿದಾದ ಕೋಣೆಯಲ್ಲಿ, ಉದ್ದನೆಯ ಗಾಜಿನ ಟ್ಯಾಂಕನ್ನು ಗಾಜಿನ ತಡೆಗಳಿಂದ ಕೋಣೆಗಳಾಗಿ ವಿಂಗಡಿಸಿದ್ದಾರೆ. ಪ್ರತಿ ಕೋಣೆಗೂ ಬೇರೆ ಬೇರೆ ನೀರು, ಬೇರೆ ಬೇರೆ ಗಾಳಿಯ ಪೈಪು. ಒಬ್ಬ ಗಿರಾಕಿಯ ಪಾಲಿಪ್‌ನ ರೋಗ ಇನ್ನೊಬ್ಬರದಕ್ಕೆ ಅಂಟಬಾರದೆಂಬ ಎಚ್ಚರ ಅದು. ಪ್ರತಿ ಕೋಣೆಯ ಹೊರಗೆ ದಿನಾಂಕ, ಉಪ್ಪಿನಂಶ ಮತ್ತು ತಾಪಮಾನ ಬರೆದ ಚೀಟಿ ಅಂಟಿರುತ್ತದೆ. ಹೋದಾಗಲೆಲ್ಲ ನಮ್ಮ ಕೋಣೆಯ ಚೀಟಿಯನ್ನು ಓದಿದ್ದೇನೆ. ತಾಪಮಾನ 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ ಕದಲಿರಲಿಲ್ಲ, ಕರೆಂಟು ಪದೇಪದೇ ಕೈಕೊಡುತ್ತಿದ್ದ ದಿನಗಳಲ್ಲೂ ಇನ್ವರ್ಟರ್‌ನಿಂದ ಗಾಳಿಯ ಪಂಪು ನಡೆಯುತ್ತಿತ್ತು. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರು ಬಿಸಿಯಾದಷ್ಟೂ ಅದು ಇನ್ನೂ ಕಡಿಮೆ. ಬಳಲಿದ ಪಾಲಿಪ್‌ಗೆ ಗಾಳಿ ನಿಂತರೆ ಅದೇ ಕೊನೆಯ ಪೆಟ್ಟಾಗಬಹುದು.

ಬೆಳಕಿನ ವಿಷಯದಲ್ಲಿ ಅವರು ನಡೆದುಕೊಂಡ ರೀತಿ ನನಗೆ ಬಹಳ ಹಿಡಿಸಿತು. ಮಂಕಾದ ಪಾಲಿಪ್‌ಗೆ ಬೆಳಕು ಹೆಚ್ಚಿಸಬೇಕೆಂದು ಬಹಳ ಮಂದಿ ತಿಳಿಯುತ್ತಾರೆ. ಇವರು ಮಾಡಿದ್ದು ಅದರ ವಿರುದ್ಧ: ಎಲ್‌ಇಡಿಯ ಪ್ರಖರತೆಯನ್ನು ಕಾಲು ಭಾಗಕ್ಕೆ ಇಳಿಸಿ, ಬೆಳಗುವ ಅವಧಿಯನ್ನೂ ಆರು ತಾಸಿಗೆ ಕಡಿಮೆ ಮಾಡಿದರು. ದುರ್ಬಲವಾದ ಪಾಚಿಗಳು ಹೆಚ್ಚಿನ ಬೆಳಕನ್ನು ಬಳಸಿಕೊಳ್ಳಲಾರದೆ, ಅಂಗಾಂಶವನ್ನೇ ಸುಡುವ ಬಗೆಯ ಆಮ್ಲಜನಕದ ರೂಪಗಳನ್ನು ಉತ್ಪತ್ತಿ ಮಾಡುತ್ತವೆ. ಪಾಲಿಪ್ ಆಗ ಉಳಿದ ಪಾಚಿಗಳನ್ನೂ ಹೊರಹಾಕುತ್ತದೆ. ಪಾಲಿಪ್‌ಗಳು ತೆರೆಯತೊಡಗಿದ ಮೇಲೆ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬೆಳಕನ್ನು ಏರಿಸಿದರು. ನೀರಿನ ಹರಿವು ಮಾತ್ರ ಸಾಕಷ್ಟಿರಬೇಕು, ಇಲ್ಲದಿದ್ದರೆ ಮುಚ್ಚಿದ ಪಾಲಿಪ್‌ಗಳ ಸಂದಿನಲ್ಲಿ ಕೊಳೆ ಕೂತು ಆರೋಗ್ಯವಾಗಿರುವ ಬುಡವನ್ನೂ ಕೊಳೆಸುತ್ತದೆ ಎಂದು ಹೇಳಿ, ದಿನಕ್ಕೊಮ್ಮೆ ರಬ್ಬರ್ ಬಲ್ಬಿನ ಪಿಪೆಟ್ಟಿನಿಂದ ಆ ಸಂದುಗಳಿಗೆ ನೀರು ಊದಿ ಸ್ವಚ್ಛ ಮಾಡುವುದನ್ನು ನಮಗೂ ಕಲಿಸಿದರು. ಸಂಪ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಚೀಲ ಇಟ್ಟು ಕೆಲವು ದಿನಗಳಿಗೊಮ್ಮೆ ಬದಲಿಸಲು ಹೇಳಿದರು, ಏಕೆಂದರೆ ಸಾಯುವ ಜೋವಾಗಳು ನೀರಿಗೆ ಬಿಡುವ ವಿಷಕಾರಿ ವಸ್ತುಗಳನ್ನು ಕಾರ್ಬನ್ ಹೀರಿಕೊಳ್ಳುತ್ತದೆ. ನೀರಿನಿಂದ ಫಾಸ್ಫೇಟ್ ತೆಗೆಯುವ ವಸ್ತುವಿನ ಬಳಕೆಯನ್ನು ಮಾತ್ರ ನಿಲ್ಲಿಸಿದರು. ನೀರಿನಲ್ಲಿ ಪೋಷಕಾಂಶ ತೀರಾ ಬರಿದಾದರೆ ಹಸಿದ ಪಾಲಿಪ್‌ಗೆ ಚೇತರಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.05ರ ಆಸುಪಾಸು ಇದ್ದರೆ ಜೋವಾಗಳಿಗೆ ಒಳ್ಳೆಯದು ಎಂಬುದು ಅವರ ಅನುಭವ. ನನ್ನ ಟ್ಯಾಂಕಿನಲ್ಲೂ ಅದು ಸರಿಯೆಂದು ಕಂಡಿತು.

ಮೊದಲ ಎರಡು ವಾರ ಏನೂ ಬದಲಾವಣೆ ಕಾಣಲಿಲ್ಲ. ಆ ಅವಧಿಯಲ್ಲಿ ಅಂಗಡಿಯವರು ಒಂದೇ ಒಂದು ಹೊಸ ವಸ್ತುವನ್ನೂ ಕೊಳ್ಳಿರೆಂದು ಹೇಳಲಿಲ್ಲ, ಅತಿಯಾದ ಭರವಸೆಯನ್ನೂ ಕೊಡಲಿಲ್ಲ. ಅಯೋಡಿನ್ ಅದ್ದುಗೆಯೊಂದನ್ನು ಮಾತ್ರ, ಬುಡದ ಗಾಯಗಳಲ್ಲಿ ಸೋಂಕು ಕಂಡಾಗ, ಅದೇ ಟ್ಯಾಂಕಿನ ನೀರಿನಲ್ಲಿ ಬೆರೆಸಿ ಕೆಲವು ನಿಮಿಷಗಳ ಮಟ್ಟಿಗೆ ಮಾಡಿದರು. ಒಂದು ರಾತ್ರಿ ದೀಪವಾರಿದ ಮೇಲೆ ಕೆಂಪು ಟಾರ್ಚ್ ಹಿಡಿದು ಹುಡುಕಿ, ಜೋವಾಗಳನ್ನೇ ತಿನ್ನುವ ಚಪ್ಪಟೆ ಸುರುಳಿಯ ಸಣ್ಣ ಬಸವನಹುಳು, ಸನ್‌ಡಯಲ್ ಎಂದು ಕರೆಯುವ ಜಾತಿಯದು, ಒಂದನ್ನು ಬುಡದಿಂದ ಹೊರತೆಗೆದರು. ಹಗಲಿನಲ್ಲಿ ಅದು ಕಾಣಿಸುವುದೇ ಇಲ್ಲ. ಕಲ್ಲು ಕೊಂಡಾಗಲೇ ಬಂದಿದ್ದಿರಬೇಕು. ಇಂಥ ಸಮಯದಲ್ಲಿ ಬೇರೆ ಕಾರಣಗಳೂ ಅಡಗಿರಬಹುದು ಎಂದು ಹುಡುಕಿ ನೋಡುವ ಸೇವೆ ಎಷ್ಟು ಕಡೆ ಸಿಗುತ್ತದೆಯೋ ತಿಳಿಯದು, ನನಗೆ ಸಿಕ್ಕಿದ್ದು ಇಲ್ಲಿ ಮಾತ್ರ.

ಮೊದಲು ತೆರೆದುಕೊಂಡದ್ದು ಗುಂಪಿನ ನಡುವಿನ ಪಾಲಿಪ್‌ಗಳು. ಬಿಗಿದಿದ್ದ ಬಾಯಿ ಒಂದು ಬದಿಯಲ್ಲಿ ಸಡಿಲಗೊಂಡು, ಒಳಗಿಂದ ಕುಸುರಿನ ಅಂಚು ಸ್ವಲ್ಪವೇ ಹೊರಬಂದಿತ್ತು. ಕುಸುರುಗಳು ಮೊಂಡಾಗಿದ್ದವು, ಮೊದಲು ಕಿತ್ತಳೆ ಬಣ್ಣವಿದ್ದ ಅಂಚು ಹಳದಿಗೂ ಬಿಳಿಗೂ ನಡುವಿನ ಯಾವುದೋ ಬಣ್ಣಕ್ಕೆ ಬಂದಿತ್ತು. ಬೆಳಿಗ್ಗೆ ತೆರೆದು ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತಿತ್ತು. ಕೆಲವು ದಿನಗಳಲ್ಲಿ ಅದರ ಪಕ್ಕದವು ತೆರೆದವು, ಆಮೇಲೆ ಅಂಚಿನವು. ಬಣ್ಣ ಮರಳಲು ಇನ್ನೂ ಹೆಚ್ಚು ಕಾಲ ಹಿಡಿಯಿತು, ಪಾಚಿಗಳು ಅಂಗಾಂಶದಲ್ಲಿ ಮತ್ತೆ ತುಂಬಿಕೊಳ್ಳಬೇಕಲ್ಲ. ಸೆಪ್ಟೆಂಬರ್ ವೇಳೆಗೆ, ಸತ್ತ ಪಾಲಿಪ್‌ಗಳನ್ನು ಕತ್ತರಿಸಿ ತೆಗೆದ ಜಾಗದ ಅಂಚಿನಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಹೊಸ ಮೊಳಕೆಗಳು ಮ್ಯಾಟ್‌ನಿಂದ ಮೇಲೆದ್ದಿದ್ದವು. ಆರೈಕೆ ಟ್ಯಾಂಕಿನಲ್ಲಿದ್ದ ಅರ್ಧ ಭಾಗ ನಮ್ಮ ಮನೆಯ ಅರ್ಧಕ್ಕಿಂತ ಬೇಗ ಚೇತರಿಸಿತು. ಆ ಟ್ಯಾಂಕಿನ ನೀರಿನ ಸ್ಥಿರತೆಯೇ ಅದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಎಲ್ಲವೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಜೋವಾಂಥಿಡ್‌ಗಳಲ್ಲೇ ಒಂದು ಬಗೆಯಾದ ದಪ್ಪನೆಯ ಕಂದು ಪಾಲಿಥೋವಾಗಳು ಬಹುತೇಕ ಎಲ್ಲವೂ ಬದುಕಿದವು. ತೆಳು ಕಾಂಡದ, ಕಡುಬಣ್ಣದ ಒಂದು ಜಾತಿಯ ಜೋವಾದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದವು. ಹಾಗಾಗಬಹುದು ಎಂದು ಅಂಗಡಿಯವರು ಮೊದಲ ದಿನವೇ ಹೇಳಿದ್ದರು.

ಈ ಅನುಭವದ ನಡುವೆ ಅಂಗಡಿಯವರೇ ಒಂದು ಅಧ್ಯಯನದ ಬಗ್ಗೆ ಹೇಳಿದರು, ಆಮೇಲೆ ಹುಡುಕಿ ಓದಿದೆ. ಸ್ಪೇನಿನ ಕೊಲುಂಬ್ರೆಟೆಸ್ ದ್ವೀಪಗಳ ಬಳಿ ಕ್ಲಾಡೋಕೋರಾ ಕೆಸ್ಪಿಟೋಸಾ ಎಂಬ ಗಟ್ಟಿ ಹವಳವನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ ಸಂಶೋಧಕರು 2019ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಅದು. ಸಮುದ್ರದ ಬಿಸಿ ಅಲೆಗೆ ಸಿಕ್ಕಿ ಸಂಪೂರ್ಣ ಸತ್ತಂತೆ ಕಂಡ ಹವಳಗಳಲ್ಲಿ ಕೆಲವು ಪಾಲಿಪ್‌ಗಳು ಮೈಯನ್ನು ಕುಗ್ಗಿಸಿಕೊಂಡು, ತಮ್ಮದೇ ಸುಣ್ಣದ ಗೂಡಿನ ಆಳಕ್ಕೆ ಸರಿದು ಬದುಕಿಕೊಂಡಿದ್ದು, ಕಾಲ ಅನುಕೂಲವಾದ ಮೇಲೆ ಅದೇ ಗೂಡಿನೊಳಗೆ ಹೊಸ, ಸಣ್ಣ ಗೂಡು ಕಟ್ಟಿಕೊಂಡು ಮೇಲೆ ಬಂದಿದ್ದವು. ಪೆಟ್ಟು ತಿಂದ ಗುಂಪುಗಳಲ್ಲಿ ಶೇಕಡಾ 38ರಲ್ಲಿ ಹೀಗೆ ಚೇತರಿಕೆ ಕಂಡಿತೆಂದು ಅವರು ಬರೆದಿದ್ದಾರೆ. ಜೋವಾಗಳಿಗೆ ಸುಣ್ಣದ ಗೂಡಿಲ್ಲವಾದ್ದರಿಂದ ಅವುಗಳ ದಾರಿ ಬೇರೆ. ಆದರೂ ಹೊರಗಿನ ನೋಟವನ್ನು ನಂಬಿ ಪಾಲಿಪ್‌ಗಳ ಸಾವನ್ನು ಘೋಷಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಸಿಕ್ಕಿಲ್ಲ.

ಗಟ್ಟಿ ಹವಳದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಈ ಅಂಗಡಿಯಲ್ಲಿ ಗಟ್ಟಿ ಹವಳ ಮಾರುವುದಿಲ್ಲ, ಕೇಳಿದವರಿಗೂ ಇಲ್ಲ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲವೂ, ಸಮುದ್ರ ಬೀಸಣಿಗೆಗಳೂ, ಕಪ್ಪು ಹವಳಗಳೂ ಸೇರಿವೆ. ಹುಲಿಗೆ ಇರುವ ರಕ್ಷಣೆಯ ದರ್ಜೆಯೇ ಅವುಗಳಿಗೂ. ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್‌ಗೆ ಹೋದವರು ಒಂದು ತುಂಡು ಕಲ್ಲನ್ನು ನೆನಪಿಗೆಂದು ತಂದುಕೊಳ್ಳುವುದೂ ಅಪರಾಧ ಎಂಬುದು ನಮ್ಮ ಕರಾವಳಿಯಲ್ಲೇ ಎಷ್ಟೋ ಜನರಿಗೆ ತಿಳಿದಿಲ್ಲ. ಕದ್ದುಮುಚ್ಚಿ ಮಾರುವವರಿಗೆ ಗಿರಾಕಿಗಳು ಇದ್ದೇ ಇರುವಾಗ ಸುಲಭದ ಲಾಭವನ್ನು ಬಿಟ್ಟು ನಿಂತ ಅಂಗಡಿಯ ಮಾತಿಗೆ ಹೆಚ್ಚು ತೂಕವಿದೆ ಎಂದು ನಾನು ತಿಳಿಯುತ್ತೇನೆ.

ಸುರಕ್ಷತೆಯ ವಿಷಯದಲ್ಲೂ ಅವರು ಬಹಳ ಕಟ್ಟುನಿಟ್ಟು. ಜೋವಾಂಥಿಡ್‌ಗಳಲ್ಲಿ, ಮುಖ್ಯವಾಗಿ ಪಾಲಿಥೋವಾಗಳಲ್ಲಿ, ಪಾಲಿಟಾಕ್ಸಿನ್ ಎಂಬ ವಿಷ ಇರಬಹುದು. ಹವಾಯಿಯ ಪಾಲಿಥೋವಾ ಒಂದರಿಂದ ಇದನ್ನು ಬೇರ್ಪಡಿಸಿದ ವರದಿ 1971ರಲ್ಲಿ ಬಂತು. ನಿಸರ್ಗದಲ್ಲಿ ಸಿಗುವ, ಪ್ರೋಟೀನ್ ಅಲ್ಲದ ವಿಷಗಳಲ್ಲಿ ಅತ್ಯಂತ ತೀಕ್ಷ್ಣವಾದವುಗಳಲ್ಲಿ ಇದೂ ಒಂದು. ಜೀವಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂಗಳನ್ನು ಒಳಗೂ ಹೊರಗೂ ಸಾಗಿಸುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಸತ್ತಿವೆಯೆಂದು ಭಾವಿಸಿ ಕಲ್ಲನ್ನು ಕುದಿಯುವ ನೀರಿನಲ್ಲಿ ಹಾಕಿದ, ಅಥವಾ ಬಿಸಿನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿದ ಮನೆಗಳಲ್ಲಿ, ಆವಿಯನ್ನು ಉಸಿರಾಡಿ ಇಡೀ ಕುಟುಂಬ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ನಮ್ಮ ಮನೆಗೆ ಬಂದ ದಿನ ಅವರು ಪಾಲಿಪ್ ಕತ್ತರಿಸುವ ಮೊದಲು ಮಕ್ಕಳನ್ನು ಕೋಣೆಯಿಂದ ಹೊರಗೆ ಕಳುಹಿಸಿದರು, ಕೆಲಸವೆಲ್ಲವನ್ನೂ ನೀರಿನೊಳಗೇ ಮಾಡಿದರು, ಕತ್ತರಿಸಿ ತೆಗೆದ ಭಾಗವನ್ನು ಬ್ಲೀಚ್ ಬೆರೆಸಿದ ನೀರಿನ ಡಬ್ಬದಲ್ಲಿ ಮುಚ್ಚಿ ಒಯ್ದರು. ಬೆರಳಿನಲ್ಲಿ ಗಾಯವಿದ್ದರೆ ಕೈಗವಸಿದ್ದರೂ ಟ್ಯಾಂಕಿಗೆ ಕೈ ಹಾಕಬೇಡಿ ಎಂದರು. ಜೋವಾ ಸಾಕುವ ಪ್ರತಿ ಮನೆಗೂ ಈ ಮಾತು ತಲುಪಬೇಕು. ಅಂಗಡಿಯವರು ಇದನ್ನು ಅಚ್ಚು ಮಾಡಿಸಿ, ಮಾರುವ ಪ್ರತಿ ಕಲ್ಲಿನ ಜೊತೆ ಕೊಟ್ಟರೆ ಇನ್ನೂ ಒಳ್ಳೆಯದು.

ಅಂಗಡಿಯ ಇತರ ಸೌಲಭ್ಯಗಳಲ್ಲಿ, ಬೆರೆಸಿದ ಉಪ್ಪುನೀರನ್ನು 20 ಲೀಟರ್ ಕ್ಯಾನುಗಳಲ್ಲಿ ಕೊಡುವುದು ನನಗೆ ಉಪಯುಕ್ತವೆನಿಸಿತು. ಕಡಲು ಇಷ್ಟು ಹತ್ತಿರವಿರುವಾಗ ಹಣ ಕೊಟ್ಟು ಉಪ್ಪುನೀರು ಏಕೆ ಕೊಳ್ಳಬೇಕು ಎಂದು ಹೊಸಬರು ಕೇಳುವುದುಂಟು. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರಗಳಿಂದ ಕ್ಯಾನಿನಲ್ಲಿ ನೀರು ತರುವವರನ್ನೂ ನೋಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾವತಿ ಮತ್ತು ಗುರುಪುರ ನದಿಗಳು ಅಳಿವೆ ಬಾಗಿಲಿನಲ್ಲಿ ಕೆಂಪು ನೀರನ್ನು ಕಡಲಿಗೆ ಸುರಿಯುವಾಗ ದಡದ ನೀರಿನ ಉಪ್ಪಿನಂಶ ಬಹಳಷ್ಟು ಇಳಿದಿರುತ್ತದೆ, ಅದರೊಡನೆ ಮಣ್ಣು, ಗೊಬ್ಬರ, ಊರಿನ ಕೊಳೆ ಎಲ್ಲವೂ ಇರುತ್ತದೆ. ಒಬ್ಬ ಗಿರಾಕಿ ತಂದ ಅಂಥ ನೀರನ್ನು ಅಂಗಡಿಯವರು ಅಲ್ಲೇ ಅಳೆದು ತೋರಿಸಿದ್ದನ್ನು ನಾನು ಕಂಡೆ. ಅವಘಡದ ದಿನ ನಮ್ಮ ಟ್ಯಾಂಕಿನಲ್ಲಿ ಇದ್ದುದಕ್ಕಿಂತಲೂ ಕಡಿಮೆ ಉಪ್ಪು ಅದರಲ್ಲಿತ್ತು. ನಳ್ಳಿ ನೀರಿನ ಕ್ಲೋರಿನ್ ತೆಗೆದು, ಆರ್‌ಒ ದಾಟಿಸಿ, ಉಪ್ಪು ಬೆರೆಸಿ ಒಂದು ದಿನ ಕಲಕಿದ ನೀರಿಗೇ ಹಣ ಕೊಡುವುದು ಲೇಸು.

ಇನ್ನು ದರ. ಮನೆಗೆ ಬಂದು ಪರೀಕ್ಷಿಸುವುದಕ್ಕೆ ನಗರದೊಳಗೆ 600 ರೂಪಾಯಿ, ಸುರತ್ಕಲ್ ಅಥವಾ ಬಿ.ಸಿ.ರೋಡ್ ಕಡೆಗೆ ಸ್ವಲ್ಪ ಹೆಚ್ಚು. ಆರೈಕೆ ಟ್ಯಾಂಕಿನಲ್ಲಿ ಒಂದು ಕೋಣೆಗೆ ವಾರಕ್ಕೆ 400 ರೂಪಾಯಿ. ಎಲ್ಲ ಸೇರಿ ನಮಗೆ ಆದ ಖರ್ಚು ಅಷ್ಟೇ ದೊಡ್ಡ ಹೊಸ ಗುಂಪನ್ನು ಕೊಳ್ಳುವುದಕ್ಕಿಂತ ಬಹಳ ಕಡಿಮೆಯಲ್ಲ. ಆದರೆ ಹೊಸದು ಕೊಂಡಿದ್ದರೆ ಅದು ಕಡಲಿನಿಂದ ಇನ್ನೊಂದು ಗುಂಪನ್ನು ಕಿತ್ತು ತಂದದ್ದಾಗಿರುವ ಸಾಧ್ಯತೆಯೇ ಹೆಚ್ಚು. ವರ್ಷಗಟ್ಟಲೆ ನಮ್ಮ ಮನೆಯಲ್ಲೇ ಬೆಳೆದ ಜೀವವನ್ನು ಉಳಿಸಿಕೊಳ್ಳಲು ಈ ಹಣ ಕೊಟ್ಟದ್ದರಲ್ಲಿ ನನಗೆ ಯಾವ ಬೇಸರವೂ ಇಲ್ಲ.

ಕೊರತೆಗಳೂ ಇವೆ. ಫೋನ್ ಬಹಳ ಸಲ ಎತ್ತುವುದಿಲ್ಲ. ಪರಿಣತರು ಒಬ್ಬರೇ ಆದ್ದರಿಂದ ಅವರು ಯಾರದೋ ಮನೆಯಲ್ಲಿದ್ದರೆ ಅಂಗಡಿಯ ಹುಡುಗನಿಗೆ ಮೀನಿನ ದರ ಬಿಟ್ಟು ಬೇರೆ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದಿಲ್ಲ. ಆರೈಕೆ ಟ್ಯಾಂಕಿನಲ್ಲಿ ಕೋಣೆಗಳು ಕಡಿಮೆ, ಮಳೆಗಾಲದಲ್ಲಿ ಕಾಯಬೇಕಾಗಬಹುದು. ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) ಅಳೆಯುವ ಕಿಟ್‌ನ ರಾಸಾಯನಿಕ ಜುಲೈ ಪೂರ್ತಿ ದಾಸ್ತಾನಿನಲ್ಲಿ ಇರಲಿಲ್ಲ, ನಾನು ಅದನ್ನು ಬೆಂಗಳೂರಿನಿಂದ ತರಿಸಿಕೊಳ್ಳಬೇಕಾಯಿತು. ಉಪ್ಪಿನ ಏರಿಕೆಯ ಲೆಕ್ಕವನ್ನು ಬರೆದುಕೊಟ್ಟಷ್ಟು ಚೆನ್ನಾಗಿ ಬೆಳಕಿನ ಏರಿಕೆಯ ಲೆಕ್ಕವನ್ನು ಬರೆದುಕೊಡಲಿಲ್ಲ, ಪ್ರತಿ ವಾರ ಕೇಳಿಯೇ ತಿಳಿಯಬೇಕಾಯಿತು. ಆರ್‌ಒ ಪೈಪನ್ನು ಸಂಪ್‌ಗೆ ನೇರವಾಗಿ ಜೋಡಿಸುವುದರ ಬದಲು ನಡುವೆ ಸಣ್ಣ ಡಬ್ಬವೊಂದನ್ನು ಇಟ್ಟು, ಅದರಲ್ಲಿ ಇರುವಷ್ಟು ನೀರು ಮಾತ್ರ ಟ್ಯಾಂಕಿಗೆ ಹೋಗುವಂತೆ ಮಾಡಿಕೊಟ್ಟಿದ್ದಾರೆ. ವಾಲ್ವ್ ಸಿಕ್ಕಿಕೊಂಡರೂ ಈಗ ಉಪ್ಪಿನಂಶ ಒಂದೆರಡು ಪಿಪಿಟಿಗಿಂತ ಹೆಚ್ಚು ಇಳಿಯಲಾರದು. ಈ ಜೋಡಣೆಗೆ ಬೇರೆ ಶುಲ್ಕ ತೆಗೆದುಕೊಳ್ಳಲಿಲ್ಲ, ಡಬ್ಬದ ಬೆಲೆ ಮಾತ್ರ ಕೊಟ್ಟೆವು. ಇವರನ್ನು ಕರೆಸುವವರು ಬೆಳಿಗ್ಗೆ ಹತ್ತು ಗಂಟೆಯೊಳಗೆ ವಾಟ್ಸಾಪ್‌ನಲ್ಲಿ ಫೋಟೊ, ಉಪ್ಪಿನಂಶ ಮತ್ತು ತಾಪಮಾನವನ್ನು ಕಳುಹಿಸಿದರೆ ಅದೇ ದಿನ ಉತ್ತರ ಬರುತ್ತದೆ. ಫೋಟೊವನ್ನು ನೀಲಿ ಬೆಳಕಿನಲ್ಲಿ ತೆಗೆಯದೆ ಬಿಳಿ ಬೆಳಕಿನಲ್ಲಿ, ಬುಡ ಕಾಣುವಂತೆ ಹತ್ತಿರದಿಂದ ತೆಗೆಯಿರಿ.